ಒಂದೂ ಪ್ರಶ್ನೆ ಕೇಳದ ಪೆನ್‌ಡ್ರೈವ್

ಹಲೋ... ಯಾರು ಮಾತಾಡ್ತಿರೋದು?... ಇಲ್ಲಿ ಫ್ಯಾನುಗಳ ಗದ್ದಲ, ಜೋರಾಗಿ ಹೇಳಿ... ಅಕ್ಕಾ, ನೀನಾ...

ಹಾಂ, ಕೆಲಸದಲ್ಲೇ ಇದ್ದೀನಿ. ನಲವತ್ತು ಸರ್ವರ್ ಕಂಪ್ಯೂಟರ್ ಬಂದು ಕೂತಿವೆ, ನಾನೊಬ್ಬನೇ... ಸರಿ, ನಾಲ್ಕು. ನನ್ನ ಮಾತನ್ನ ಹತ್ತರಿಂದ ಭಾಗಿಸೋದು ನಿನಗೆ ಮೊದಲಿಂದಲೂ ಚಟ...

ಕೆಂಪು ಪೆನ್‌ಡ್ರೈವಾ? ಅದನ್ನೇ ಬೆಳಗ್ಗೆಯಿಂದ ಹುಡುಕ್ತಿದ್ದೆ. ನಿನ್ನೆ ನಿಮ್ಮನೆ ಸೋಫಾದಲ್ಲಿ ಜೇಬಿಂದ ಜಾರಿರಬೇಕು. ಜೋಪಾನ, ಅದು ಅಂತಿಂಥದ್ದಲ್ಲ. ಸರ್ವರಿಗೆ ಚುಚ್ಚಿ ಆನ್ ಮಾಡಿದ್ರೆ ಸಾಕು, ಹಳೇ ಡಿಸ್ಕ್ ಒರೆಸಿ, ಹೊಸ ಸಿಸ್ಟಂ ಹಾಕಿ, ಪಾಸ್‌ವರ್ಡ್ ಕೂಡ ತಾನೇ ಕೊಟ್ಕೊಳ್ಳುತ್ತೆ. ನಾವು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ್ರಾಯ್ತು. ಅದು ಕೇಳೋ ಪ್ರಶ್ನೆಗಳಿಗೆಲ್ಲ ಉತ್ತರ ಮೊದಲೇ ಬರೆದಿಟ್ಟಿದ್ದೀನಿ. ‘ಖಂಡಿತಾ ಅಳಿಸಲಾ?’ ಅಂತ ಒಂದು ಉಳಿದಿತ್ತು, ಅದಕ್ಕೂ ‘ಹೂಂ’ ಬರೆದೆ. ಇಷ್ಟು ಚೊಕ್ಕವಾಗಿ ಮಾಡೋರು ಪ್ರಪಂಚದಲ್ಲೇ ಮೂರು ಜನ, ಅದರಲ್ಲಿ ಇಬ್ಬರು ಸತ್ತುಹೋದ್ರು...

ಏನು?... ಯಾವುದಕ್ಕೆ ಚುಚ್ಚಿದೆ?...

ನಿಧಾನ. ಕಸೂತಿ ನಕ್ಷೆಗಳಿಗೆ ಇನ್ನೊಂದು ಕಾಪಿ ಇರ್ಲಿ ಅಂತ ನೀನು ಅದನ್ನ ನಿನ್ನ ಕಂಪ್ಯೂಟರಿಗೆ ಹಾಕಿದೆ. ಆಮೇಲೆ?... ಸ್ಕ್ರೀನ್ ಅಲ್ಲಾಡ್ಲಿಲ್ಲ ಅಂತ ಆಫ್ ಮಾಡಿ ಆನ್ ಮಾಡಿದೆ... ಪೆನ್‌ಡ್ರೈವ್ ಅದರಲ್ಲೇ ಇತ್ತಾ?... ಈಗ್ಲೂ ಇದೆಯಾ?...

ಹಾಂ. ಹಾಂ. ಆನ್ ಆದ ತಕ್ಷಣ ಮೊದಲು ಪೆನ್‌ಡ್ರೈವ್ ನೋಡು ಅಂತ ನಿನ್ನ ಕಂಪ್ಯೂಟರಿಗೆ ಕಲಿಸಿದ್ದು ನಾನೇ, ಹೋದ ವರ್ಷ ರಿಪೇರಿ ಮಾಡಿದಾಗ. ವಾಪಸ್ ಬದಲಾಯಿಸೋದು ಮರೆತೆ...

ಇಲ್ಲ, ಕೋಪ ಇಲ್ಲ. ದನಿ ಹೀಗೇ ಬರ್ತಿದೆ. ಏನೂ ಅನ್ನಿಸ್ತಿಲ್ಲ ನನಗೆ. ಎದುರಿಗಿರೋ ದೀಪ ಮಿಣಮಿಣ ಅಂತಿದೆ, ಅದನ್ನ ನೋಡ್ತಾ ನಿಂತಿದ್ದೀನಿ...

ಹನ್ನೊಂದು ವರ್ಷದ್ದೂ ಅದರಲ್ಲೇನಾ? ಬೇರೆಲ್ಲೂ ಇಲ್ವಾ?... ಗೊತ್ತು, ನಿನ್ನ ಅಂಗಡಿಯ ಕಸೂತಿ ಯಂತ್ರ ಹೊಲಿಯೋದೆಲ್ಲ ಆ ನಕ್ಷೆಗಳಿಂದಲೇ. ಬಲಗೈ ಸ್ವಾಧೀನ ತಪ್ಪಿದ ಮೇಲೆ ನೀನು ಒಂದು ಎಲೆ, ಒಂದು ಬಳ್ಳೀನೂ ಬರೆದಿಲ್ಲ. ಇನ್ನು ಆಗಲ್ಲ ಅಂತ ನನಗೆ ಬಿಡಿಸಿ ಹೇಳ್ಬೇಕಾ...

ಸ್ಕ್ರೀನ್ ಮೇಲೆ ಏನಿದೆ? ಓದು... ಶೇಕಡಾ ಒಂಬತ್ತು. ಕೇಳಿಲ್ಲಿ. ಯಾವ ನಕ್ಷೆ ಎಲ್ಲಿದೆ ಅನ್ನೋ ಪಟ್ಟಿ ಹೋಯ್ತು. ನಕ್ಷೆಗಳ ಮೇಲೆ ಅದು ಇನ್ನೂ ಪೂರ್ತಿ ಬರೆದಿಲ್ಲ. ಈಗಲೇ ನಿಲ್ಲಿಸಿದ್ರೆ ಒಂದಷ್ಟು ಹೆಕ್ಕಬಹುದು. ವಯರ್ ಕಿತ್ತುಬಿಡು...

ಎಷ್ಟು ಉಳಿಯುತ್ತೆ ಅಂದ್ರೆ... ಎಲ್ಲಾ ತಂದುಕೊಡ್ತೀನಿ ಅಂತ ಬಾಯ್ ತುದೀಲಿದೆ ಅಕ್ಕ. ಗೊತ್ತಿಲ್ಲ ನನಗೆ... ಅರ್ಧವೋ, ನಾಲ್ಕೋ, ಒಂದೂ ಇಲ್ವೋ, ಗೊತ್ತಿಲ್ಲ...

ಶೇಕಡಾ ಹನ್ನೆರಡಾಯ್ತಾ? ನನ್ನ ಮಾತು ಆಮೇಲೆ ಕೇಳು, ಬಗ್ಗು. ಎಡಗೈಲಿ ಹಿಡಿ... ಮೇಜಿನ ಕೆಳಗೆ ಎಲ್ಲಾ ಹೆಣೆದುಕೊಂಡಿದೆಯಾ? ಯಾವುದು ಯಾವುದರದ್ದು ಅಂತ ಬಿಡಿಸ್ತಾ ಕೂರಬೇಡ, ಎಲ್ಲಾ ಸೇರಿರೋ ಆ ಬೋರ್ಡನ್ನೇ ಗೋಡೆಯಿಂದ ಕೀಳು...

ನಿನ್ನ ಕಾರ್ಡ್‌ಲೆಸ್ ಫೋನೂ ಅದಕ್ಕೇನಾ? ಲೈನ್ ಹೋದ್ರೆ ಹೋಗ್ಲಿ. ನಾನು ಹೊರಟೆ, ಬಂದ ಮೇಲೆ ಎಷ್ಟು ಬೇಕಾದ್ರೂ ಬೈಯಿ, ಈಗ ಮಾತ್ರ...

ಹಲೋ... ಅಕ್ಕಾ?...

ಹಾಂ. ಕಿತ್ತಳು.