ಕೆಳಗಿನ ಪೈಪಿನ ಸ್ಪ್ರಿಂಗು

ಅಲ್ಲ ಅಕ್ಕ, ನೀನೇ ಹೇಳು... ಕುಕ್ಕರು ಕೂಗ್ತಿರುವಾಗ ನೀನು ಮುಚ್ಚಳಕ್ಕೆ ಕೈ ಹಾಕ್ತೀಯಾ? ಇಲ್ಲ ತಾನೆ! ನಿನ್ನ ಯಜಮಾನ್ರು ಹಾಕಿದ್ರು. ಕುದೀತಿರೋ ಗಾಡಿ ರೇಡಿಯೇಟರಿನ ಮುಚ್ಚಳಕ್ಕೆ, ಒಂದಲ್ಲ, ಎರಡೂ ಕೈ! ಮೂವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡ್ತಿರೋರು, ಆ ಕೈಯಿಂದಲೇ ಅನ್ನ ಸಂಪಾದಿಸೋರು... ಕೂತ್ಕೋ. ಆ ಟೈರಿನ ಮೇಲೆ ಕೂತ್ಕೋ, ಕೊಳೆ ಏನಿಲ್ಲ. ಬೇಡ್ವಾ? ಸರಿ, ನಿಂತೇ ಇರು.

ಏನು ಮುಖ ಹಾಗೆ? ನಾನು ಆಸ್ಪತ್ರೆಗೆ ಬರ್ಲಿಲ್ಲ ಅಂತಾನಾ? ಹನ್ನೊಂದು ದಿನ ಆಯ್ತು, ಗೊತ್ತು ಮಾರಾಯ್ತಿ! ಇಲ್ಲಿ ಕೆಲಸ ತಲೆ ಮೇಲಿದೆ. ಬಂದು ನಾನೇನು ಮಾಡ್ಲಿ, ಬ್ಯಾಂಡೇಜು ಬಿಚ್ಚಿ ಗ್ರೀಸು ಹಚ್ಚಲಾ? ... ತಮಾಷೆಗೆ ಅಂದೆ. ಮೊದಲೆಲ್ಲ ನಗ್ತಿದ್ದೆ ನೀನು.

ಭಾವ ಗಾಡಿ ಮಾರ್ತೀನಿ ಅಂದ್ರಂತೆ? ನಿಮ್ಮತ್ತೆ ಫೋನಲ್ಲಿ ಹೇಳಿದ್ರು. ‘ಎಲ್ಲಾ ನಂದೇ ತಪ್ಪು, ನಂಗೆ ಗಾಡಿ ಇಟ್ಕೊಳ್ಳೋ ಯೋಗ್ಯತೆ ಇಲ್ಲ’ ಅಂದ್ರಂತೆ. ಅಬ್ಬ! ಇಷ್ಟು ದಿನಕ್ಕೆ ಒಂದು ಬುದ್ಧಿವಂತಿಕೆ ಮಾತು ಬಂತು ಆ ಬಾಯಲ್ಲಿ! ಸ್ಟೆಪ್ನಿ ಎಲ್ಲಿದೆ ಅಂತ ಕೇಳಿದ್ರೆ ಸೀಟಿನ ಕೆಳಗೆ ಹುಡುಕೋ ಆಸಾಮಿ...

ನೋಡ್ಬೇಡ ಹಾಗೆ. ಸರಿ, ಗಾಡಿ ಯಾಕೆ ಕುದೀತು ಅಂತ ತಾನೆ ನಿನಗೆ ಬೇಕು? ನಾನು ಹೇಳ್ದಿದ್ರೆ ಬೇರೆ ಮೆಕ್ಯಾನಿಕ್‌ಗೆ ತೋರಿಸ್ತೀಯಾ? ಬೇರೆಯವನು! ಬಾನೆಟ್ ತೆಗೆಯೋಕೆ ಹತ್ತು ನಿಮಿಷ ಬೇಕು ಆ ಬೇರೆಯವನಿಗೆ. ಬಾ ಇಲ್ಲಿ, ನಿನ್ನ ಕಣ್ಣೆದುರಿಗೇ ತೋರಿಸ್ತೀನಿ.

ಇದು ಮೇಲಿನ ಪೈಪು. ಎಂಜಿನ್ನಿಂದ ಬಿಸಿನೀರು ರೇಡಿಯೇಟರಿಗೆ ಹೋಗೋ ದಾರಿ. ಹೋದ ತಿಂಗಳು ನಾನೇ ಹಾಕಿದ್ದು. ಹಿಸುಕು... ಹಿಸುಕೇ, ಕಚ್ಚಲ್ಲ! ಬಿರುಕಿಲ್ಲ, ಉಬ್ಬಿಲ್ಲ, ಜಿಡ್ಡಿಲ್ಲ. ಕ್ಲಿಪ್ಪಿನ ಅಡಿ ಕೆಂಪಗೆ ಕಾಣ್ತಿದೆಯಲ್ಲ, ಅದು ಸೈಕಲ್ ಟ್ಯೂಬಿನ ಚೂರು. ಕ್ಲಿಪ್ಪು ರಬ್ಬರನ್ನ ಕೊಯ್ಯಬಾರದು ಅಂತ ಸುತ್ತಿರೋದು. ಈ ಊರಲ್ಲಿ ಇನ್ಯಾವನಾದ್ರೂ ಇಷ್ಟು ಕಾಳಜಿ ಮಾಡ್ತಾನಾ, ತೋರಿಸು! ನೂರು ಗಾಡಿ ಸಾಲಾಗಿ ನಿಲ್ಸು, ಇದು ನನ್ನ ಕೆಲಸ ಅಂತ ದೂರದಿಂದ್ಲೇ ಹೇಳ್ತೀನಿ.

ಇನ್ನು ಇದು, ಕೆಳಗಿನದು. ತಣ್ಣಗಾದ ನೀರನ್ನ ಪಂಪು ವಾಪಸ್ ಎಳ್ಕೊಳ್ಳೋ ದಾರಿ. ಇದನ್ನ ನಾನು ಮುಟ್ಟಿಲ್ಲ. ಹೊಸದೇ, ಆದ್ರೆ ನಂದಲ್ಲ. ಈಗ ಸ್ಟಾರ್ಟ್ ಮಾಡ್ತೀನಿ... ನೀರು ತುಂಬಿದೀನಿ, ಹೆದರ್ಬೇಡ... ಹ್ಞಾ. ನೋಡು, ಸುಮ್ನೆ ಓಡ್ತಿದ್ರೆ ಎಲ್ಲ ಚೆಂದ. ಸಪಾಟು ರಸ್ತೇಲಿ ವರ್ಷಗಟ್ಲೆ ಓಡಿಸು, ಗೊತ್ತೇ ಆಗಲ್ಲ. ಈಗ ಕೈಯಲ್ಲೇ ಆಕ್ಸಿಲರೇಟರ್ ಎಳೀತೀನಿ. ಏರು ಹತ್ತಿದ ಹಾಗೆ. ಕೆಳಗಿನ ಪೈಪು ನೋಡು... ನೋಡಿದ್ಯಾ! ಚಪ್ಪಟೆ! ಮಕ್ಕಳು ಜೋರಾಗಿ ಹೀರಿದ್ರೆ ಸ್ಟ್ರಾ ಅಂಟ್ಕೊಳ್ಳುತ್ತಲ್ಲ, ಹಾಗೆ. ನೀರು ಎಲ್ಲಿಂದ ಬರ್ಬೇಕು? ಎಂಜಿನ್ ಕುದೀದೆ ಇನ್ನೇನು ಮಾಡುತ್ತೆ, ಪಾಪ!

ಆರಿಸ್ದೆ, ಆರಿಸ್ದೆ. ಯಾಕೆ ಹಿಂದೆ ಸರೀತೀಯ? ... ಓ. ಆವತ್ತು ನೀನೂ ಪಕ್ಕದಲ್ಲೇ ಇದ್ದೆ ಅಲ್ವಾ.

ಆಯ್ತು. ರೋಗ ಇಷ್ಟೇ. ಇಂಥ ಹಳೇ ಗಾಡೀಲಿ ಕೆಳಗಿನ ಪೈಪಿನೊಳಗೆ ಒಂದು ಸ್ಪ್ರಿಂಗ್ ಇರುತ್ತೆ. ಇಷ್ಟುದ್ದ, ಸುರುಳಿ ಸುರುಳಿ. ಪೈಪು ಒಳಗೆ ಕುಸೀದ ಹಾಗೆ ಹಿಡ್ಕೊಳ್ಳೋದೇ ಅದರ ಕೆಲಸ. ಯಾವನೋ ದಡ್ಡಶಿಖಾಮಣಿ ಅದನ್ನ ಹಾಕದೇ ಬಿಟ್ಟಿದ್ದಾನೆ! ನಿನ್ನ ಯಜಮಾನ್ರು ನಂಗೆ ಹೇಳ್ದೆ ರಸ್ತೆ ಬದಿ ಯಾವನ ಹತ್ರಾನೋ ಹಾಕಿಸ್ಕೊಂಡಿದ್ದಾರೆ. ತಿಳೀದೇ ಇರೋರಿಗೆ ತಿಳೀದೇ ಇರೋನೇ ಗಂಟುಬೀಳ್ತಾನೆ.

ಇಲ್ವಾ? ತಲೆ ಅಲ್ಲಾಡಿಸಿದ್ರೆ ಆಯ್ತಾ? ನಿನಗೇನು ಗೊತ್ತು, ದಿನಾ ಅವರ ಹಿಂದೆ ಹೋಗ್ತಿದ್ಯಾ? ... ಏಯ್, ಅಲ್ಲಿ ಯಾಕೆ ಬಗ್ತೀಯ? ಆ ಕೆಳಗಿನ ಕ್ಲಿಪ್ಪನ್ನ ಕರ್ಚೀಫಲ್ಲಿ ಒರೆಸ್ಬೇಡ, ಮಸಿ ಹೋಗಲ್ಲ ಅದು, ಬಿಡು... ಅಕ್ಕ, ಬಿಡು ಅಂದೆ.

ಕೆಂಪು.

ಹೌದಪ್ಪ, ಕೆಂಪು ಟ್ಯೂಬು. ಅದಕ್ಕೇನೀಗ? ನನ್ನ ನೋಡಿ ಕಾಪಿ ಹೊಡೆದಿರ್ತಾನೆ! ಒಳ್ಳೇ ಕೆಲಸ ಅಂದ್ರೆ ಎಲ್ಲರೂ ಕದೀತಾರೆ... ನಗ್ತಿದೀಯಾ? ನಗು ಅಲ್ವಾ ಅದು? ... ಒಂದು ಮಾತಾಡೇ ತಾಯಿ! ಬೈಯಿ! ಚಿಕ್ಕಂದಿನಲ್ಲಿ ಲೋಟ ಒಡೆದ್ರೆ ಬೀದಿಗೆಲ್ಲ ಕೇಳೋ ಹಾಗೆ ಬೈತಿದ್ಯಲ್ಲ!

ಎಲ್ಲಿಗೆ ಹೋಗ್ತೀಯ? ಅಲ್ಲೇನಿದೆ, ಕನ್ನಡಿ. ಪಕ್ಕದ ಮೊಳೇಲಿ ಬಾಚಣಿಗೆ, ಸ್ಕ್ರೂಡ್ರೈವರು ಸಿಗಿಸಿರೋ ಸುರುಳಿ... ತೆಗೀಬೇಡ ಅದನ್ನ. ಅಕ್ಕ, ಎಲ್ಲಾ ಕೆಳಗೆ ಬೀಳುತ್ತೆ...

ಬಿತ್ತು ನೋಡು.

ಪೈಪಿನ ಪಕ್ಕ ಇಟ್ಟು ಅಳತೆ ನೋಡ್ಬೇಕಾಗಿಲ್ಲ. ಅದೇ. ಅದರದ್ದೇ ಸ್ಪ್ರಿಂಗು.

ಹಳೇ ಪೈಪಿನ ಜೊತೆ ಈಚೆ ಬಂತು. ಹೊಸದರೊಳಗೆ ಹೋಗ್ಲಿಲ್ಲ. ಎರಡು ಸಲ ತಿರುಚಿದೆ, ಎರಡು ಸಲ ಕೈ ಗೀಚ್ತು. ಊಟದ ಹೊತ್ತು, ಹೊಟ್ಟೆ ಬೇರೆ ಹಸೀತಿತ್ತು. ಪೈಪು ಗಟ್ಟಿ ಇದೆ, ಇದ್ಯಾಕೆ ಅಂತ... ಗೋಡೆಗೆ ತೂಗುಹಾಕಿದೆ. ಬಾಚಣಿಗೆ ಇಡೋಕೆ ಚೆನ್ನಾಗಿತ್ತು.

ಭಾವ ಹೇಳಿದ್ರಾ? ... ಇಲ್ವಾ? ನಿಂಗೂ ಹೇಳಿಲ್ವಾ?

ಅವರಿಗೆ ಗೊತ್ತಿತ್ತು ಅಕ್ಕ. ಗಾಡಿ ತಗೊಂಡು ಹೋಗೋಕೆ ಬಂದಾಗ ಇದನ್ನ ಕೈಗೆತ್ಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದ್ರು, ಗಡಿಯಾರದ್ದು ನೋಡೋ ಹಾಗೆ. ‘ಯಾರೂ ಸುಮ್‌ಸುಮ್ನೆ ಒಂದು ಸ್ಪ್ರಿಂಗ್ ಇಡಲ್ಲಪ್ಪ, ಮಾಡಿದೋನು ಏನೋ ಯೋಚ್ನೆ ಮಾಡೇ ಇಟ್ಟಿರ್ತಾನೆ’ ಅಂದ್ರು. ಮೆತ್ತಗೇ ಅಂದ್ರು. ನಾನು... ಇಲ್ಲಿ ನಾಲ್ಕು ಜನ ಗಿರಾಕಿಗಳಿದ್ರು. ‘ಭಾವ, ಇದು ಗಾಡಿ. ನೀವು ಕಣ್ಣಿಗೆ ಭೂತಗನ್ನಡಿ ಸಿಗಿಸ್ಕೊಂಡು ಕೆದಕೋ ಆಟದ ಸಾಮಾನಲ್ಲ’ ಅಂದೆ. ಎಲ್ಲಾ ಬಿದ್ದು ಬಿದ್ದು ನಕ್ರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು.

ಈಗ ಆ ಕೈ... ಡಾಕ್ಟ್ರು ಏನಂದ್ರು ಅಕ್ಕ? ಬೆರಳು ಮಡಚೋಕೆ ಆಗುತ್ತಂತಾ? ಸಣ್ಣ ಸ್ಕ್ರೂ ಹಿಡಿಯೋಕೆ?

ಹೇಳೇ. ಆಗುತ್ತೆ ಅನ್ನು, ಇಲ್ಲ ಆಗಲ್ಲ ಅನ್ನು. ಹಾಗೆ ಸ್ಪ್ರಿಂಗ್ ಹಿಡ್ಕೊಂಡು ನಿಂತ್ಕೋಬೇಡ. ಬರ್ತೀನಿ, ಈಗ್ಲೇ ಬರ್ತೀನಿ ಆಸ್ಪತ್ರೆಗೆ, ಕೈ ತೊಳ್ಕೊಂಡು... ನೀನು ಮಾತ್ರ ಹೀಗೆ ಸುಮ್ಮನಿರಬೇಡ ಅಕ್ಕ.

ಆವತ್ತು ನಾವೆಲ್ಲ ನಗ್ತಿದ್ದಾಗ ಭಾವನೂ ಹೀಗೇ, ಅದನ್ನ ಕೈಯಲ್ಲಿ ಹಿಡ್ಕೊಂಡು ಸುಮ್ಮನೆ ನಿಂತಿದ್ರು.