ಮ್ಯಾನೇಜರಿಗೂ ಒಂದು ಪ್ರಾರ್ಥನೆ

ಅಮೆರಿಕದ ಮುಕಿಲ್ಟಿಯೊ ಊರಲ್ಲಿ ಫೆರಿ ದೋಣಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಕನ್ನಡದವರು ನಿಂತಿದ್ದರು. ಮಂಗಳೂರಿನ ಹಿರಿಯರ ಕಂಕುಳಲ್ಲಿ ಹಳೆಯ ಗ್ರಾಮಫೋನ್ ರೆಕಾರ್ಡ್ ಇತ್ತು. ಬೆಂಗಳೂರಿನ ತರುಣನಿಗೆ ಅದರ ಮೇಲೇ ಕಣ್ಣು.

“ಯಾವ ಬ್ಯಾಂಡ್, ಎಲಿಯಾಸ್ ಅಂಕಲ್?”

“ಫ್ರಾನ್ಸಿನ ರಾಕ್ ಬ್ಯಾಂಡ್ ಮಾರಾಯ, ನಲವತ್ತೈದು ವರ್ಷ ಹಳೆಯದ್ದು. ಆ ಗಿಟಾರ್ ಕೇಳಿದ್ರೆ ಈಗಲೂ ಮೈ ಜುಂ ಅಂತದೆ. ಇದರ ಒಂದು ಟ್ಯೂನಿಗೆ ನಾನು ಕೊಂಕಣಿ ಪದ ಹಾಕಿದ್ದೆ, ನಮ್ಮ ಚರ್ಚಿನ ಕ್ವಾಯರಿಗೆ.”

“ನಿಮಗೆ ಫ್ರೆಂಚ್ ಬರ್ತಿತ್ತಾ?”

“ಎಲ್ಲಿಂದ? ಹಾಡುವವ ಅಷ್ಟು ಸಂಕಟದಲ್ಲಿ ಕೂಗ್ತಾನೆ, ದೇವರನ್ನೇ ಕರೆಯುವುದು ಅಂತ ಎಣಿಸಿದೆ. ಮೊನ್ನೆ ಮಗಳು ಅರ್ಥ ಹೇಳಿದಳು.”

“ಏನಂತೆ?”

“ಫ್ಯಾಕ್ಟರಿ ಮ್ಯಾನೇಜರಿಗೆ ಬೈಗುಳ. ಮೊದಲಿಂದ ಕೊನೆವರೆಗೆ.”

ತರುಣ ಜೋರಾಗಿ ನಕ್ಕ. “ಅಯ್ಯೋ! ಇನ್ನು ಚರ್ಚಲ್ಲಿ ಹಾಡಲ್ವಾ?”

“ಯಾಕೆ ಹಾಡಬಾರದು? ನನ್ನ ಮದುವೆಗೆ ಅದೇ ಹಾಡು. ಅಮ್ಮನನ್ನು ಮಣ್ಣು ಮಾಡುವಾಗ ಊರಿಡೀ ಹಾಡಿದ್ದೂ ಅದೇ. ಆ ಬ್ಯಾಂಡಿನವರ ಉಪಕಾರ ದೊಡ್ಡದು.”

ಗೇಟು ತೆರೆಯಿತು. ಸಾಲು ಮುಂದೆ ಸರಿಯಿತು.

“ಈ ಭಾನುವಾರ ಬ್ಯಾಂಡಿನವರ ಹೆಸರಲ್ಲಿ ಚರ್ಚಲ್ಲಿ ಬಲಿಪೂಜೆಯ ಪ್ರಾರ್ಥನೆ ಹೇಳಿಸಿದ್ದೇನೆ.”

“ಮತ್ತೆ ಆ ಮ್ಯಾನೇಜರ್‌ಗೆ?”

“ಅವನ ಹೆಸರಲ್ಲೂ. ಅವನು ಒಳ್ಳೆಯವನಾಗಿದ್ರೆ ನಮಗೆ ಹಾಡೆಲ್ಲಿ ಸಿಗ್ತಿತ್ತು ಮಾರಾಯ?”

ರೆಕಾರ್ಡನ್ನು ಎದೆಗೊತ್ತಿಕೊಂಡು ಅವರು ಫೆರಿ ಹತ್ತಿದರು.