ಸವತಿಗೆ ಎತ್ತಿಟ್ಟ ತುತ್ತು

ದೆವ್ವಕ್ಕೆ ಪಾಸ್‌ಪೋರ್ಟ್ ಯಾರು ಕೊಟ್ಟರು ಅಂತ ನಗುವವರು ಈಗಲೇ ನಕ್ಕು ಮುಗಿಸಿ. ಆಮೇಲೆ ನಗು ಬರುವುದಿಲ್ಲ. ಇದು ನಮ್ಮ ಚಿಕ್ಕಮ್ಮನ ಮಗಳು ಭಾಗ್ಯಶ್ರೀಗೆ ಆದದ್ದು... ಅವಳ ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ.

ಹೊತ್ತು ಮುಳುಗಿತ್ತು. ವಿಯೆಟ್ನಾಮಿನ ದಾನಾಂಗ್ ಊರಿನ ಕಡಲ ದಂಡೆಯಲ್ಲಿ ಗಂಡ ಹೆಂಡತಿ ಹೋಟೆಲಿನ ಕಡೆ ನಡೆದಿದ್ದರು. ಸೇಡಂ ಹುಡುಗಿ ಸಮುದ್ರ ನೋಡಿದ್ದೇ ಆ ವಾರ. ಬುಟ್ಟಿಯಂಥ ದೋಣಿಯಲ್ಲಿ ಗಿರಗಿರ ತಿರುಗಿ, ಎಳನೀರು ಕುಡಿದು, ಮಧ್ಯಾಹ್ನವಿಡೀ ಮರಳಲ್ಲಿ ಮಲಗಿ, ಸ್ವರ್ಗ ಅಂದರೆ ಇದೇ ಅಂದುಕೊಂಡಿದ್ದಳು.

ಗಂಡ ಆನಂದಕುಮಾರ ಶಹಾಬಾದಿನವನು, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯ ಮಾಲೀಕ. ಅವನಿಗೆ ಇದು ಎರಡನೆಯ ಮದುವೆ. ಮೊದಲನೆಯವಳು ಉಮಾದೇವಿ. ನೀರು ತುಂಬಿದ ಹಳೆ ಖಣಿಯಲ್ಲಿ ಕಾಲು ಜಾರಿ ಸತ್ತಳು ಅಂತ ಊರೆಲ್ಲ ನಂಬಿತ್ತು. ನಮ್ಮಲ್ಲಿ ಎರಡನೆಯವಳಾಗಿ ಬಂದವಳು ಸತ್ತ ಸವತಿಯ ಹೆಸರಿನ ಬೆಳ್ಳಿ ಬಿಲ್ಲೆಯನ್ನು ಕೊರಳಿಗೆ ಕಟ್ಟಿಕೊಳ್ಳಬೇಕು. ಹೊಸ ಸೀರೆ ಮೊದಲು ಅದಕ್ಕೆ ಮುಟ್ಟಿಸಬೇಕು. ಊಟಕ್ಕೆ ಅವಳನ್ನು ಕರೆದು, ಮೊದಲ ತುತ್ತು ಅವಳಿಗೆ ಎತ್ತಿಡಬೇಕು. ಅತ್ತೆ ಸೂಗಮ್ಮ ತಾನೇ ಕಟ್ಟಿ, ಇದನ್ನೆಲ್ಲ ಹೇಳಿ ಕಳಿಸಿದ್ದಳು. ಭಾಗ್ಯಶ್ರೀ ಒಂದು ಹೊತ್ತೂ ತಪ್ಪಿಸಿರಲಿಲ್ಲ. ಕಂಡೇ ಇರದ ಆ ಅಕ್ಕನ ಮೇಲೆ ಅವಳಿಗೆ ಮಮತೆ ಹುಟ್ಟಿತ್ತು.

ದಂಡೆಯ ಅಂಚಿನಲ್ಲಿ ಒಂದು ಆಲದ ಮರ. ಅದರ ಕೆಳಗೆ ಅವಳನ್ನು ನಿಲ್ಲಿಸಿ ಫೋಟೋ ತೆಗೆಯಲು ಹೋದವನು ಬಿಲ್ಲೆ ನೋಡಿ ಮುಖ ಸಿಂಡರಿಸಿದ.

“ಅದನ್ನ ತಗಿ. ಎಲ್ಲಾ ಫೋಟೋದಾಗ ಅದೇ ಕಾಣಸ್ತದ.”

“ತಗಿಬಾರ್ದರಿ... ಅತ್ತಿ ಹೇಳ್ಯಾರ.”

ಫಟ್ ಅಂತ ಕೆನ್ನೆಗೆ ಬಿತ್ತು. ಅವಳ ಕಿವಿ ಗುಂಯ್ ಅಂದಿತು. ಅವನು ಬಿಲ್ಲೆ ಕಟ್ಟಿದ್ದ ಕರಿದಾರವನ್ನು ಬೆರಳಿಗೆ ಸುತ್ತಿ ಜಗ್ಗಿದ. ದಾರ ಕೊರಳು ಕೊಯ್ದು ಹರಿಯಿತು. ಬಿಲ್ಲೆ ಹೋಗಿ ಅಲೆಗೆ ಬಿತ್ತು... ಚುಳುಕ್. ಆಮೇಲೆ ಏನೂ ಆಗದವನ ಹಾಗೆ ಕರ್ಚೀಫಿನಿಂದ ರಕ್ತ ಒರೆಸಿ, ಐಸ್‌ಕ್ರೀಮ್ ತಿಂತೀಯೇನು ಅಂತ ಕೇಳಿದ. ಅಪ್ಪನ ಮನೆಯಲ್ಲಿ ಒಂದು ಏಟು ಕಾಣದ ಹುಡುಗಿ ಅವಳು. ಆಗ ಅವಳಿಗೆ ಮೊದಲ ಸಲ ಭಯವಾಯಿತು. ಇವನ ಜೊತೆ ಜೀವಮಾನ ಹೇಗೆ ಕಳೆಯುವುದು? ಕಳೆಯಲು ಜೀವ ಉಳಿದರೆ ತಾನೇ?

ಕೋಣೆಗೆ ಊಟ ತರಿಸಿ, ಅವನು ಬಚ್ಚಲಿನ ತೊಟ್ಟಿಗೆ ನೀರು ಬಿಟ್ಟುಕೊಂಡು ಕೂತ. ಸೀಟಿ ಹಾಕುತ್ತಿದ್ದ. ಸೀಟಿ ನಡುವೆಯೇ ನಿಂತಿತು...

ಗುಳು... ಗುಳು... ಗುಳು.

ಆಮೇಲೆ ಧಡ್. ತಲೆಯನ್ನು ತೊಟ್ಟಿಯ ಅಂಚಿಗೆ ಜಜ್ಜಿದ ಸದ್ದು. ಮತ್ತೆ ಧಡ್. ಬಚ್ಚಲಿಗೆ ಮಬ್ಬು ಗಾಜಿನ ಕದ. ಒಳಗಿಂದ ಅದಕ್ಕೆ ಕೆಂಪು ಸಿಡಿಯಿತು. ಆ ಕೆಂಪಿನ ಆಚೆ ಹಸಿರು ಬಳೆಯ ಒಂದು ಕೈ ಅವನ ಕೂದಲು ಹಿಡಿದು ಮೇಲೆತ್ತುವುದು, ಅದ್ದುವುದು, ಮೇಲೆತ್ತುವುದು... ಬಳೆ ಝಣ್ ಝಣ್ ಅನ್ನುತ್ತಿದ್ದವು.

ಭಾಗ್ಯಶ್ರೀ ಕದ ಜಗ್ಗಿದಳು. ಅದು ಮಿಸುಕಲಿಲ್ಲ. ಹೋಟೆಲಿನವರನ್ನು ಕರೆಯಲು ಫೋನ್ ಎತ್ತಿದಳು.

“ಭಾಗ್ಯಾ...” ಒಳಗಿಂದ ಪಿಸುದನಿ ಬಂತು. “ಊಟಕ್ಕ ಕರಿ ಆಕಿನ್ನ... ನೀ ಕರದ್ರ ಬರ್ತಾಳ... ನನ್ನ ಬಿಡ್ತಾಳ...”

ಅವಳ ಬಾಯಿಗೆ ಆ ಕರೆ ಬಂದೇಬಿಟ್ಟಿತ್ತು. ತುಟಿ ಕಚ್ಚಿಕೊಂಡಳು.

“ಖರೇ ಹೇಳ್ರಿ. ಅಕ್ಕಾಗ ನೀವ ದಬ್ಬೀರೇನು?”

ಬಳೆ ಸದ್ದು ನಿಂತಿತು. ಒಳಗಿದ್ದವಳೂ ಕೇಳಿಸಿಕೊಳ್ಳುತ್ತಿದ್ದಳು.

“ಹೂಂ... ದಬ್ಬೀನಿ. ಮ್ಯಾಲ ಬರ್ಲಿಕತ್ತಿದ್ಳು... ತಲಿಮ್ಯಾಗ ಕಲ್ಲ ಹಾಕೀನಿ. ಕರಿಯ ಭಾಗ್ಯಾ... ಕರಿ...”

ಭಾಗ್ಯಶ್ರೀ ಫೋನ್ ಕೆಳಗಿಟ್ಟಳು. ಕೊರಳು ಇನ್ನೂ ಉರಿಯುತ್ತಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಾಟು ಮುಂದೆಳೆದುಕೊಂಡು, ಮೊದಲ ತುತ್ತು ಪಕ್ಕಕ್ಕೆ ಎತ್ತಿಟ್ಟಳು. ಕರೆಯಲಿಲ್ಲ. ಅಕ್ಕನ ಕೆಲಸ ಮುಗಿಯಲಿ ಅಂತ ಕಾದಳು.

ಧಡ್... ಧಡ್... ಎಲುಬು ಲಟ್ ಅಂದಿತು. ಗುಳು... ಗುಳು... ಆಮೇಲೆ ಏನೂ ಇಲ್ಲ.

“ಅಕ್ಕಾ,” ಅಂದಳು ಆಗ, ಮೆಲ್ಲಗೆ. “ಊಟಕ್ಕ ಬಾ.”

ಕದ ತಾನಾಗಿಯೇ ತೆರೆಯಿತು. ಹೊರಗೆ ಯಾರೂ ಬರಲಿಲ್ಲ. ತೊಟ್ಟಿಯಲ್ಲಿ ಹನಿ ನೀರಿರಲಿಲ್ಲ, ಟವೆಲ್ ಕೂಡ ಒಣಗಿತ್ತು. ಅವನು ಮಾತ್ರ ಬಾಯಿ ತೆರೆದು ಬಿದ್ದಿದ್ದ. ಜಾರಿ ಬಿದ್ದು ತಲೆಗೆ ಪೆಟ್ಟಾಗಿದೆ ಅಂದರು ಅಲ್ಲಿನವರು. ಇರಬಹುದು ಅಂದಳು ಭಾಗ್ಯಶ್ರೀ. ಮುಂದೆ ಯಾರು ಕೇಳಿದರೂ ಅಷ್ಟೇ ಅಂದಳು. ನಡೆದದ್ದನ್ನು ಹೇಳಿದ್ದು ನನಗೊಬ್ಬಳಿಗೇ.

ನಂಬಿ, ಬಿಡಿ. ಹೆಣ ಊರಿಗೆ ಬಂದದ್ದು ಎಂಟು ದಿನ ಕಳೆದ ಮೇಲೆ, ಮೊಳೆ ಹೊಡೆದ ಪೆಟ್ಟಿಗೆಯಲ್ಲಿ. ಅದನ್ನು ಗಾಡಿಯಿಂದ ಇಳಿಸಿ ಹೊತ್ತವರಲ್ಲಿ ನಮ್ಮಣ್ಣ ಬೀರೇಶನೂ ಇದ್ದ. ಸುಡು ಬೇಸಿಗೆ, ಮೋಡದ ತುಣುಕಿಲ್ಲ. ಮನೆಗೆ ಬಂದು, ಪೆಟ್ಟಿಗೆ ಸೋರಿ ತೊಯ್ದ ಅಂಗಿ ಬಿಚ್ಚಿ ಹಿಂಡಿದ. ಹಳೆ ಖಣಿಯಲ್ಲಿ ನಿಂತಿರುತ್ತದಲ್ಲ, ಅದೇ ಕಲ್ಲುಪುಡಿಯ ಬೂದು ನೀರು ಅಂಗಳದ ತುಂಬ ಹರಿಯಿತು. ಆ ಅಂಗಳ ಗುಡಿಸಿದವಳು ನಾನೇ.